ನನ್ನ ಗಂಟೆಗೆ ಆರು ರೂಪಾಯಿ, ಷಡ್ಡಕನ ಗಂಟೆಗೆ ನೂರ ನಲವತ್ತು

ಅತಿವೇಗದ ರೈಲಿನ ಅಧ್ಯಯನ ಸಮಿತಿಗೆ ಅಧ್ಯಕ್ಷರಾಗಿರುವ ಮಾನ್ಯರೇ,

ಮೊದಲು ಖರ್ಚು ಕೂಡಿಬಿಡೋಣ, ಮಾತು ಆಮೇಲೆ. ಸಲಹಾ ಸಂಸ್ಥೆಗೆ ಕೊಟ್ಟ ಶುಲ್ಕ ಎರಡು ಕೋಟಿ ನಲವತ್ತು ಲಕ್ಷ. ಇದು ತಮ್ಮ ವರದಿಯ ಮೂರನೆಯ ಪುಟದಲ್ಲೇ ಇದೆ. ಡಿಸೆಂಬರಿನಲ್ಲಿ ಮಲ್ಲೇಶ್ವರದ ಕಲ್ಯಾಣ ಮಂಟಪದಲ್ಲಿ ನಡೆದ ಅಹವಾಲು ಸಭೆಗೆ ಬಾಡಿಗೆ, ಹಾರ, ಮೈಕು, ಗೋಡಂಬಿ ಬರ್ಫಿ ಸೇರಿ ಮೂವತ್ತೆಂಟು ಸಾವಿರ. ಇದನ್ನು ಹೇಳಿದವರು ಮಂಟಪದ ಮ್ಯಾನೇಜರು. ನರಸಮ್ಮ ಎಂಬ ಹೆಂಗಸು ಮೂರು ದಿನ ಆಟೋಗೆ ತೆತ್ತದ್ದು ಮುನ್ನೂರ ತೊಂಬತ್ತು. ಅದಲ್ಲದೆ ಬಸ್ಸಿನ ಮೆಟ್ಟಿಲ ಮೇಲೆ ಚೆಲ್ಲಿಹೋದ ನೆನೆಸಿದ ಅವರೆಕಾಳು ನಾಲ್ಕು ಸೇರು. ಒಟ್ಟು ಎರಡು ಕೋಟಿ ನಲವತ್ತು ಲಕ್ಷದ ಮೂವತ್ತೆಂಟು ಸಾವಿರದ ಮುನ್ನೂರ ತೊಂಬತ್ತು ರೂಪಾಯಿ, ಕಾಳು ಬೇರೆ. ಇಷ್ಟಕ್ಕೆ ಈವರೆಗೆ ಒಂದು ಗಜ ಕಂಬಿಯೂ ಬಿದ್ದಿಲ್ಲ. ಬಿದ್ದದ್ದು ನಮ್ಮ ಗಾಡಿಯ ಮೇಲೆ ಕಲ್ಲು.

ದೂರು ಇಷ್ಟೇ. ತುಮಕೂರಿನ ಕಡೆಯಿಂದ ಮಲ್ಲೇಶ್ವರಕ್ಕೆ ಬರುತ್ತಿದ್ದ ಬೆಳಗಿನ ಪ್ಯಾಸೆಂಜರನ್ನು ತಮ್ಮ ಅಳತೆಯವರು ಕೆಲಸ ಮಾಡಲೆಂದು ಹನ್ನೊಂದು ದಿನ ಊರಾಚೆಯೇ ನಿಲ್ಲಿಸಿದಿರಿ. ಹನ್ನೊಂದು ದಿನ ಕಳೆಯಿತು. ಇವತ್ತು ಹನ್ನೆರಡನೆಯ ದಿನ, ಗೋಡೆಗೆ ಹೊಸ ಚೀಟಿ: ‘ಮುಂದಿನ ಆದೇಶದವರೆಗೆ’. ವರದಿಯ ಪ್ರಕಾರ ಅತಿವೇಗದ ರೈಲು ಬಂದರೆ ಮಲ್ಲೇಶ್ವರದ ಪ್ಲಾಟ್‌ಫಾರಂ ಅದಕ್ಕೇ ಮೀಸಲು, ಆ ಚೀಟಿ ನಮಗೆ ಕಾಯಂ.

ತಾವು ಕೇಳಬಹುದು, ಎಂಟನೇ ಕ್ರಾಸಿನ ತರಕಾರಿ ವ್ಯಾಪಾರಿಗೆ ದೇಶದ ಪ್ರಗತಿ ಕಂಡರೆ ಯಾಕೆ ಆಗುವುದಿಲ್ಲ ಎಂದು. ಇದಕ್ಕೆ ತತ್ವದ ಬಣ್ಣ ಬಳಿಯಬಹುದಿತ್ತು. ಬಳಿಯುವುದಿಲ್ಲ. ನನಗಿರುವುದು ಹೊಟ್ಟೆಯುರಿ, ಹಳೆಯದು, ನಿಧಾನಕ್ಕೆ ಬೆಂದದ್ದು. ಅದರ ಮೂಲ ನನ್ನ ಷಡ್ಡಕ ವೇಣು.

ನಾನು ಮದುವೆಯಾದದ್ದು ಅಕ್ಕ ದ್ರೌಪದಮ್ಮನನ್ನು, ವೇಣು ತಂಗಿ ಕುಸುಮಳನ್ನು. ಖರ್ಚು ಉಳಿಯಲೆಂದು ಮಾವನವರು ಎರಡೂ ಮದುವೆಗಳನ್ನು ಒಂದೇ ಚಪ್ಪರದಡಿ, ಒಂದೇ ಮುಹೂರ್ತದಲ್ಲಿ ಮುಗಿಸಿದರು. ಇಬ್ಬರಿಗೂ ಒಂದೇ ಬಗೆಯ ಎಚ್‌ಎಂಟಿ ಕೈಗಡಿಯಾರ ಕಟ್ಟಿದರು. ಆಗ ನಾನು ಬುಟ್ಟಿಯಲ್ಲಿ ಸೊಪ್ಪು ಮಾರುತ್ತಿದ್ದೆ, ಅವನು ಪಂಪು ಮಾರುವ ಕಂಪನಿಯಲ್ಲಿ ಟೈಪಿಸ್ಟು. ಇಪ್ಪತ್ತನಾಲ್ಕು ವರ್ಷದಲ್ಲಿ ನಾನು ಬುಟ್ಟಿಯಿಂದ ಅಂಗಡಿಗೆ ಬಂದೆ, ಅವನು ಟೈಪ್ ಮೆಷಿನ್ನಿನಿಂದ ಮ್ಯಾನೇಜರ್ ಕುರ್ಚಿಗೆ ಹೋದ. ಲೆಕ್ಕಕ್ಕೆ ಸಮವೇ. ಆದರೆ ತಿಂಗಳಿಗೆರಡು ಸಲ ಅವನು ಎ.ಸಿ. ಬೋಗಿಯಲ್ಲಿ ಹುಬ್ಬಳ್ಳಿಗೆ ಹೋಗುತ್ತಾನೆ, ನಾನು ದಿನಾ ತುಮಕೂರು ದಾರಿಯ ನಿಡವಂದದ ಕಡೆ ಹೋಗಿ ತರಕಾರಿ ಮೂಟೆಗಳ ಮೇಲೆ ಕೂತು ಬರುತ್ತಿದ್ದೆ. ಇಬ್ಬರ ಗಾಡಿಯೂ ಒಂದೇ ಕಂಬಿಯ ಮೇಲೆ. ಅವನಂಥವರ ಗಾಡಿ ಮುಂದೆ ಹೋಗಲೆಂದು ನಮ್ಮ ಗಾಡಿಯನ್ನು ಪಕ್ಕದ ಲೈನಿಗೆ ಹಾಕಿ ನಲವತ್ತು ನಿಮಿಷ ನಿಲ್ಲಿಸುತ್ತಿದ್ದರು. ಕಪ್ಪು ಗಾಜಿನ ಕಿಟಕಿಗಳು ಸರಸರನೆ ಹಾದುಹೋಗುವುದನ್ನು ನಾನು ಎಷ್ಟು ವರ್ಷ ನೋಡಿದ್ದೇನೆ ಎಂದರೆ, ಒಳಗಿರುವವರೆಲ್ಲ ನನಗೆ ವೇಣುವಿನಂತೆಯೇ ಕಾಣುತ್ತಾರೆ.

ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಒಂದು ಗೃಹಪ್ರವೇಶ. ನನಗೆ ಅಂಗಡಿ ಬಿಡಲಾಗಲಿಲ್ಲ. ವೇಣು ತನ್ನ ಹೆಂಡತಿಯ ಜೊತೆ ನನ್ನ ಹೆಂಡತಿಗೂ ಟಿಕೆಟ್ ತೆಗೆಸಿದ. ದ್ರೌಪದಮ್ಮ ಹೋಗಿಬಂದು ಒಂದು ವಾರ ಬೇರೆ ಮಾತೇ ಆಡಲಿಲ್ಲ. ಸೀಟಿನ ಹಿಂದೆ ಮಡಚುವ ಹಲಗೆ, ಕಾಗದದ ಲೋಟದಲ್ಲಿ ಸಾರಿನಂಥ ಸೂಪು, ಎಲ್ಲ ವರ್ಣಿಸಿದಳು. ಕೊನೆಗೆ ಒಂದು ಮಾತು ಹೇಳಿದಳು, ಅದು ಇನ್ನೂ ಇಳಿದಿಲ್ಲ: “ರೀ, ಅಲ್ಲಿ ಯಾರೂ ಬೆವರೋದೇ ಇಲ್ಲ.” ಹೇಳುತ್ತಾ ನನ್ನ ಬನಿಯನ್ನನ್ನು ನೋಡಿದಳು.

ತಮ್ಮ ಯೋಜನೆ ಪತ್ರಿಕೆಯಲ್ಲಿ ಬಂದ ದಿನ ವೇಣು ಮನೆಗೆ ಬಂದಿದ್ದ. ಹುಬ್ಬಳ್ಳಿಗೆ ಏಳು ಗಂಟೆಯ ಬದಲು ಎರಡೂವರೆ ಎಂದು ಓದಿ ಓದಿ ಹೇಳಿದ. ಹದಿನೆಂಟು ಸಾವಿರ ಕೋಟಿಯಂತೆ, ಇಷ್ಟೊಂದು ಯಾಕೆ ಬೇಕು, ಟಿಕೆಟ್ಟಿನ ರೇಟು ಎಷ್ಟಾದೀತು ಎಂದು ನಾನು ಕೇಳಿದೆ. ಅವನು ನನ್ನ ಭುಜದ ಮೇಲೆ ಕೈಯಿಟ್ಟು ಬಹಳ ಪ್ರೀತಿಯಿಂದ ಹೇಳಿದ, “ನೀವ್ಯಾಕ್ ಭಾವ ತಲೆ ಕೆಡಿಸ್ಕೊಳ್ತೀರಾ? ಆ ಗಾಡಿ ನಿಮಗಲ್ಲ.”

ಬೈದಿದ್ದರೆ ಮರೆಯುತ್ತಿದ್ದೆ.

ಆ ಸಿಟ್ಟಿನಲ್ಲೇ ತಮ್ಮ ವರದಿ ಓದಿದ್ದು. ಮಂಟಪದಲ್ಲಿ ಮೇಜಿನ ಮೇಲೆ ಸರಪಳಿ ಹಾಕಿ ಇಟ್ಟಿದ್ದಿರಿ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ, ಆದರೆ ಅಂಕಿಗೆ ಯಾವ ಭಾಷೆ? ನಲವತ್ತೊಂದನೆಯ ಪುಟದಲ್ಲಿ ಒಂದು ಪಟ್ಟಿ ಸಿಕ್ಕಿತು: ಪ್ರಯಾಣಿಕರ ಒಂದು ಗಂಟೆಯ ಬೆಲೆ. ಎ.ಸಿ. ಬೋಗಿಯವರದು ನೂರ ನಲವತ್ತು ರೂಪಾಯಿ. ಪ್ಯಾಸೆಂಜರ್ ಗಾಡಿಯವರದು ಆರು. ಒಂದೇ ಕಾರ್ಖಾನೆಯ, ಒಂದೇ ದಿನ ಕೊಂಡ ಎರಡು ಗಡಿಯಾರಗಳಲ್ಲಿ ಒಂದರ ಮುಳ್ಳು ನೂರ ನಲವತ್ತು ರೂಪಾಯಿಯಂತೆ ತಿರುಗುತ್ತದೆ, ಇನ್ನೊಂದರದು ಆರರಂತೆ ಎಂದು ಎರಡು ಕೋಟಿ ನಲವತ್ತು ಲಕ್ಷ ಕೊಟ್ಟು ಕಂಡುಹಿಡಿಸಿದ್ದೀರಿ. ನಮ್ಮ ಮಾವನವರಿಗೆ ಇದು ಗೊತ್ತಿದ್ದರೆ ನನಗೆ ಗಡಿಯಾರದ ಬದಲು ಪಂಚೆ ಕೊಡುತ್ತಿದ್ದರೇನೋ.

ಸಭೆಯಲ್ಲಿ ನಾನು ಏಳುವ ಮೊದಲೇ ನರಸಮ್ಮ ಎದ್ದಳು. ಅವಳು ನಿಡವಂದದವಳು. ಅವರೆಯ ಕಾಲದಲ್ಲಿ ರಾತ್ರಿಯೇ ಕಾಳು ನೆನೆಸಿ, ಬೆಳಿಗ್ಗೆ ಪಾತ್ರೆ ಸಮೇತ ಗಾಡಿ ಹತ್ತಿ, ದಾರಿಯಲ್ಲೇ ಹಿತಕಿ, ಸಿಪ್ಪೆ ಕಳೆದ ಬೇಳೆಯನ್ನು ಎಂಟನೇ ಕ್ರಾಸಿನ ಫುಟ್‌ಪಾತಿನಲ್ಲಿ ಮಾರುತ್ತಾಳೆ, ಉಳಿದ ಕಾಲದಲ್ಲಿ ಅಲ್ಲೇ ಸೊಪ್ಪು. ತನ್ನ ಗಾಡಿ ನಿಲ್ಲಿಸಿದರೆ ತಾನು ಹೇಗೆ ಬರಬೇಕು ಎಂದು ಕೇಳಿದಳು. ತಮ್ಮ ಪಕ್ಕದಲ್ಲಿದ್ದ ತಜ್ಞರು ಎಲ್ಲರ ಸಮಯಕ್ಕೂ ಬೆಲೆ ಕಟ್ಟಿದ್ದೇವಮ್ಮ ಎಂದು ಸಮಾಧಾನ ಮಾಡಿದರು.

“ನಂದೆಷ್ಟು ಸಾಮಿ?”

“ಗಂಟೆಗೆ ಆರು ರೂಪಾಯಿ.”

“ಆರು ರೂಪಾಯ್‌ಗೆ ಒಂದ್ ಗಂಟೆ ಕೂತ್ಕೊಳ್ಳೋರು ನಿಮ್ಮತ್ರ ಇದ್ರೆ ನಾಳೆಯಿಂದ್ಲೇ ಕಳಿಸ್ಕೊಡಿ. ಅವರೆ ಹಿತಕೋಕೆ ಜನ ಸಿಗ್ದೆ ಸಾಯ್ತಿದೀನಿ.”

ಸಭೆ ನಕ್ಕಿತು. ತಾವೂ ನಕ್ಕಿರಿ, ನಾನು ನೋಡಿದೆ. ನಡಾವಳಿಯಲ್ಲಿ ಮಾತ್ರ ‘ಸ್ಥಳೀಯ ಮಹಿಳೆಯೊಬ್ಬರು ಕೂಲಿಯಾಳುಗಳ ಕೊರತೆಯನ್ನು ಪ್ರಸ್ತಾಪಿಸಿದರು, ಯೋಜನೆಗೆ ಸಂಬಂಧಿಸಿಲ್ಲ’ ಎಂದು ಬರೆದಿದೆ. ಸಂಬಂಧ ಇದೆ. ಅವಳು ಒಂದು ಗಂಟೆಗೆ ಒಂದು ಕೆಜಿ ಹಿತಕುತ್ತಾಳೆ. ಸಿಪ್ಪೆಯ ತೂಕ ಕಳೆದು, ಪುಡಿಯಾದದ್ದು ಕಳೆದು, ಹಿತಕದ ಕಾಳಿಗಿಂತ ಕೈಗೆ ಮೂವತ್ತು ರೂಪಾಯಿ ಹೆಚ್ಚು ಬರುತ್ತದೆ. ತಾವು ಕಟ್ಟಿದ ಬೆಲೆಯ ಐದು ಪಟ್ಟು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು, ಯಾಕೆಂದರೆ ತಾವು ಈಗ ಮಾಡಹೊರಟಿರುವುದೂ ಅದನ್ನೇ. ಐದು ವರ್ಷದ ಹಿಂದೆ, ಆ ನಲವತ್ತು ನಿಮಿಷದ ಅವಮಾನ ತಾಳದೆ, ಇನ್ನೂರ ಹನ್ನೆರಡು ಜನರ ಸಹಿ ಹಾಕಿಸಿ ರೈಲ್ವೆಗೆ ಅರ್ಜಿ ಕೊಟ್ಟೆ. ನನ್ನ ಜೀವಮಾನದಲ್ಲಿ ಮಂಜೂರಾದ ಅರ್ಜಿ ಅದೊಂದೇ. ಗಾಡಿಯ ವೇಳೆ ಬದಲಾಯಿತು. ಎಂಟೂವರೆಗೆ ಬರುತ್ತಿದ್ದದ್ದು ಎಂಟಕ್ಕೆ ಹತ್ತು ನಿಮಿಷವಿರುವಾಗಲೇ ಮಲ್ಲೇಶ್ವರದಲ್ಲಿತ್ತು. ನಾನು ಗೆದ್ದವನಂತೆ ಎದ್ದು ನಿಂತೆ. ನೋಡಿದರೆ ನರಸಮ್ಮನ ಪಾತ್ರೆಯಲ್ಲಿ ಅರ್ಧ ಕಾಳು ಸಿಪ್ಪೆ ಸಮೇತ ಕೂತಿದೆ. ಬೋಗಿಯಲ್ಲಿದ್ದ ಎಂಟು ಹೆಂಗಸರದ್ದೂ ಅದೇ ಪಾಡು. ಅವರ ಕೆಲಸ ಮುಗಿಯುತ್ತಿದ್ದದ್ದೇ ಗಾಡಿ ನಿಂತಿದ್ದಾಗ. ಓಡುವ ಗಾಡಿಯ ಕುಲುಕಾಟದಲ್ಲಿ ಬೇಳೆ ಮುರಿಯುತ್ತದೆ.

“ಯಾವನಪ್ಪಾ ಅರ್ಜಿ ಕೊಟ್ಟೋನು?” ಎಂದಳು. ಎಲ್ಲರೂ ನನ್ನ ಕಡೆ ನೋಡಿದರು.

“ನಾನೇ ಕಣಮ್ಮ.”

“ಮನೇಲಿ ನಿಮಗ್ ಮಾಡೋಕ್ ಕೆಲಸ ಇರ್ಲಿಲ್ವಾ ಮುನಿರಾಮಣ್ಣ?”

ಆಮೇಲೆ ನಾನೇ ಇನ್ನೊಂದು ಅರ್ಜಿ ಬರೆದೆ: ದಯವಿಟ್ಟು ನಮ್ಮನ್ನು ಮೊದಲಿನಂತೆ ನಿಲ್ಲಿಸಿ. ತೆಗೆದುಕೊಂಡ ಗುಮಾಸ್ತರು ಎರಡು ಸಲ ಓದಿ, ಮೇಲಿನವರಿಗೆ ತೋರಿಸಲು ಎದ್ದು ಹೋದರು. ಸದ್ಯ, ಒಂದು ತಿಂಗಳಲ್ಲಿ ಹಳೆಯ ವೇಳೆ ಮರಳಿತು. ಉಳಿಸಿದ ಸಮಯವೆಲ್ಲ ಗಳಿಸಿದ ಸಮಯವಲ್ಲ ಎಂದು ನಾನು ಕಲಿತದ್ದು ಹಾಗೆ. ನನ್ನ ತಪ್ಪಿನ ಖರ್ಚು ಕಾಗದ, ಅಂಚೆ ಸೇರಿ ಹದಿನಾಲ್ಕು ರೂಪಾಯಿ. ತಮ್ಮದು ಹದಿನೆಂಟು ಸಾವಿರ ಕೋಟಿ. ವ್ಯತ್ಯಾಸ ಇಷ್ಟೇ, ತಮ್ಮ ತಪ್ಪನ್ನು ಹಿಂದಕ್ಕೆ ಪಡೆಯಲು ಎರಡನೆಯ ಅರ್ಜಿ ಸಾಲುವುದಿಲ್ಲ.

ಹಾಗಾದರೆ ಅತಿವೇಗದ ರೈಲು ಬೇಡವೇ? ಬೇಡ ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಬೆವರದೆ ಹುಬ್ಬಳ್ಳಿಗೆ ಹೋಗುವ ಆಸೆ ನನಗೂ ಇದೆ. ಆದರೆ ಲಾಭದ ಕಡೆ ತಾವು ಬರೆದಿರುವುದೆಲ್ಲ ವೇಣುವಿನ ಉಳಿದ ಗಂಟೆಗಳೇ, ನೂರ ನಲವತ್ತರಂತೆ. ನಷ್ಟದ ಕಡೆ ನಮ್ಮ ಗಾಡಿಯ ಸಾವಿರದ ನೂರು ಜನ, ಊರಾಚೆ ಇಳಿದು ದಿನಕ್ಕೆ ತಲಾ ಒಂದೂವರೆ ಗಂಟೆ ಕಳೆದುಕೊಳ್ಳುವವರು. ಆರರಂತೆ ವರ್ಷಕ್ಕೆ ಮೂವತ್ತಾರು ಲಕ್ಷ. ತಾವು ಪಕ್ಕದಲ್ಲಿ ‘ನಗಣ್ಯ’ ಎಂದು ಬರೆದಿದ್ದೀರಿ. ವೇಣುವಿನ ದರದಲ್ಲೇ ಹಾಕಿ ನೋಡಿ. ಎಂಟು ಕೋಟಿ ನಲವತ್ಮೂರು ಲಕ್ಷ. ಒಂದು ಕಡೆ ಬೆಳ್ಳಿ ತಕ್ಕಡಿ, ಇನ್ನೊಂದು ಕಡೆ ಬದನೆಕಾಯಿ ತಕ್ಕಡಿ ಇಟ್ಟುಕೊಂಡು ತೂಗಿದರೆ ನನ್ನ ಅಂಗಡಿಗೆ ತೂಕದ ಇನ್‌ಸ್ಪೆಕ್ಟರು ಬರುತ್ತಾರೆ. ತಮ್ಮ ಕಚೇರಿಗೆ ಯಾರು ಬರುತ್ತಾರೆ? ಮತ್ತೆ, ಹುಬ್ಬಳ್ಳಿಯಿಂದ ಎರಡೂವರೆ ಗಂಟೆಯಲ್ಲಿ ಬಂದಿಳಿದ ಮಹಾಶಯರು ಮೆಟ್ರೋಗೆಂದು ಅಗೆದ ಸಂಪಿಗೆ ರಸ್ತೆಯಲ್ಲಿ ಅರ್ಧ ಮೈಲಿ ದಾಟಲು ಮುಕ್ಕಾಲು ಗಂಟೆ ತೆಗೆದುಕೊಂಡರೆ, ಆ ನೂರ ಐದು ರೂಪಾಯಿಯನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ?

ಈಗ ಅವಸರದ ಮಾತು. ಗಾಡಿ ನಿಂತ ಮೊದಲ ಮೂರು ದಿನ ನರಸಮ್ಮ ಬಸ್ಸು, ಆಟೋ ಹಿಡಿದು ಬಂದಳು. ಮೂರನೆಯ ದಿನ ನೀರು ಸೋರುವ ಪಾತ್ರೆಯನ್ನು ಕಂಡಕ್ಟರು ಹತ್ತಿಸಲಿಲ್ಲ, ಎಳೆದಾಟದಲ್ಲಿ ಕಾಳು ಚೆಲ್ಲಿತು. ಮತ್ತೆ ಬಂದಿಲ್ಲ, ಒಂಬತ್ತು ದಿನವಾಯಿತು. ನಮ್ಮ ಎಂಟನೇ ಕ್ರಾಸಿನ ಫುಟ್‌ಪಾತಿಗೆ ಪತ್ರವಿಲ್ಲ, ಪಟ್ಟಾ ಇಲ್ಲ, ಒಂದೇ ಒಂದು ಕಟ್ಟಳೆ ಇದೆ: ಹದಿನೈದು ದಿನ ಖಾಲಿ ಬಿಟ್ಟ ಜಾಗ ಮೊದಲು ಕೂತವರದ್ದು. ಹತ್ತೊಂಬತ್ತು ವರ್ಷದಿಂದ ಅವಳು ಕೂರುತ್ತಿದ್ದ ಗೋಡೆ ಪಕ್ಕದ ನೆರಳಿಗೆ ನೈಟಿ ಮಾರುವವರು ಆಗಲೇ ಸ್ಟೂಲು ತಂದು ನೋಡಿದರು. ಸೌತೆಕಾಯಿ ಕ್ರೇಟು ಇಟ್ಟು ಸದ್ಯಕ್ಕೆ ನಾನು ತಡೆದಿದ್ದೇನೆ. ಅವಳಿಗಾಗಿಯೇ ಎಂದು ಎದೆ ತಟ್ಟಿ ಹೇಳಲಾರೆ. ಬಹಳ ಒಳ್ಳೆಯ ಜಾಗ. ಅದರ ಮೇಲೂ ನನಗೆ ಮೊದಲಿಂದ ಕಣ್ಣಿದೆ. ಇನ್ನು ಆರು ದಿನ ನನ್ನನ್ನು ನಾನು ನಂಬಬಲ್ಲೆ. ಏಳನೆಯ ದಿನದ ಮಾತು ಕೊಡಲಾರೆ.

ಆದ್ದರಿಂದ ಈ ಸೋಮವಾರದಿಂದ ಪ್ಯಾಸೆಂಜರ್ ಗಾಡಿಯನ್ನು ಮಲ್ಲೇಶ್ವರಕ್ಕೆ ಬಿಡಿ, ಆ ನಲವತ್ತು ನಿಮಿಷದ ಸಮೇತ. ನಲವತ್ತೊಂದನೆಯ ಪುಟವನ್ನು ಹರಿದು, ಎಲ್ಲರ ಗಂಟೆಗೂ ಒಂದೇ ದರ ಹಾಕಿ, ಕನ್ನಡದಲ್ಲಿ ಮತ್ತೆ ಬರೆಸಿ. ಆಗಲೂ ಹೊಸ ರೈಲು ಲಾಭದಲ್ಲೇ ಇದ್ದರೆ ಬೇರೆ ಜಾಗ ಹುಡುಕಿ ಧಾರಾಳವಾಗಿ ಕಟ್ಟಿ. ನಾನು ಹೊಟ್ಟೆಯುರಿಯಿಂದಲೇ ಚಪ್ಪಾಳೆ ತಟ್ಟುತ್ತೇನೆ.

ಇಂತಿ, ತಮ್ಮ ಪಟ್ಟಿಯಲ್ಲಿ ಅಗ್ಗಕ್ಕೆ ಸಿಕ್ಕಿದ,
ಮುನಿರಾಮಪ್ಪ
ತರಕಾರಿ ಅಂಗಡಿ, ಎಂಟನೇ ಕ್ರಾಸ್, ಮಲ್ಲೇಶ್ವರಂ
30 ಜನವರಿ 2009

ಅಡಕ: ಈ ದಿನದವರೆಗೆ ಯಾರಿಗೆ ಏನು ದಕ್ಕಿತು
ಸಲಹಾ ಸಂಸ್ಥೆಗೆ: ಶುಲ್ಕ ಪೂರ್ತಿ, ಎರಡನೆಯ ಅಧ್ಯಯನಕ್ಕೆ ಶಿಫಾರಸು ಬೇರೆ.
ಊರಾಚೆಯ ಆಟೋದವರಿಗೆ: ಮೀಟರಿನ ಮೇಲೆ ಒಂದೂವರೆ ಪಟ್ಟು.
ವೇಣುವಿಗೆ: ಪ್ಯಾಸೆಂಜರ್ ಅಡ್ಡವಿಲ್ಲದ್ದರಿಂದ ಹುಬ್ಬಳ್ಳಿ ಪ್ರಯಾಣದಲ್ಲಿ ಆರು ನಿಮಿಷ ಉಳಿತಾಯ.
ನರಸಮ್ಮನಿಗೆ: ಏನೂ ಇಲ್ಲ.
ನನಗೆ: ಒಂಬತ್ತು ದಿನಕ್ಕೆ ಸಾವಿರದ ಎಂಟುನೂರ ಅರವತ್ತು ರೂಪಾಯಿ ಹೆಚ್ಚಿನ ವ್ಯಾಪಾರ. ಅವಳ ಗಿರಾಕಿಗಳು ಈಗ ನನ್ನಲ್ಲಿ ಅವರೆಕಾಯಿ ಕೊಂಡು, ಮನೆಯಲ್ಲೇ ಹಿತಕಿಕೊಳ್ಳುತ್ತಿದ್ದಾರೆ.