ಅಪ್ಪನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ

ಪುಟ್ಟಾ,

ಅಪ್ಪನನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಸೇತುವೆಯಾಚೆಯ ದೊಡ್ಡಾಸ್ಪತ್ರೆಗೆ ಹೊರಟಿದ್ದೇನೆ. ನಮ್ಮ ಡಯಾಲಿಸಿಸ್ ಸೆಂಟರಿನ ಮೆಷಿನ್‌ಗಳೆಲ್ಲ ಪ್ರವಾಹದ ಕೆಸರಿನಲ್ಲಿ ಹೂತುಹೋಗಿವೆಯಂತೆ. ಈ ವಾರ ಅಪ್ಪನಿಗೆ ಒಮ್ಮೆಯೂ ಡಯಾಲಿಸಿಸ್ ಆಗಿಲ್ಲ. ಕಾಲು ಕಂಬದ ಹಾಗೆ ಊದಿದೆ. ಮಲಗಿದರೆ ಉಸಿರು ಕಟ್ಟುತ್ತೆ ಅಂತ ಗೋಡೆಗೆ ಒರಗಿ ಕೂತೇ ತೂಕಡಿಸುತ್ತಾನೆ.

ನೀನು ದೋಣಿ ಹತ್ತಿ ಊರವರನ್ನೆಲ್ಲ ದಡ ಸೇರಿಸುತ್ತಿದ್ದೀಯ, ಸಂತೋಷವೇ. ಒಮ್ಮೆ ಮನೆ ಕಡೆ ತಲೆ ಹಾಕಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಹೋಗಲಿ ಬಿಡು, ಈಗ ಜಗಳಕ್ಕೆ ಹೊತ್ತಿಲ್ಲ.

ಕೆಳಗಿನ ಕೋಣೆಯ ಸ್ವಿಚ್ ಯಾವುದನ್ನೂ ಮುಟ್ಟಬೇಡ, ಗೋಡೆ ಇನ್ನೂ ಒದ್ದೆಯಾಗಿದೆ. ಒಣಬಟ್ಟೆ ಅಟ್ಟದ ಮೇಲಿದೆ. ಡಬ್ಬದಲ್ಲಿ ಬಿಸ್ಕತ್ತಿದೆ, ತಿಂದುಕೊಂಡೇ ಹೊರಡು. ಅಪ್ಪನ ಕನ್ನಡಕ ನೀರಿನಲ್ಲಿ ಎಲ್ಲೋ ತೇಲಿಹೋಯಿತು. ಬೀರುವಿನಲ್ಲಿ ಹಳೆಯದು ಸಿಕ್ಕರೆ ತಾ.

ಒಂದು ಮಾತು ನಿನಗೆ ಹೇಳಲೇಬೇಕು. ಒಂದು ಗುಟುಕು ಹೆಚ್ಚಾದರೂ ನೀರು ಎದೆಗೆ ಸೇರುತ್ತೆ ಅಂತ ಡಾಕ್ಟರು ಹೆದರಿಸಿದ್ದರಿಂದ ಅಪ್ಪನಿಗೆ ಅಳೆದು ಅಳೆದು ಕೊಡುತ್ತಿದ್ದೆ. ಇವತ್ತು ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡು, "ಒಂದು ಲೋಟ ತುಂಬ ಕೊಡೇ ಮಗಳೇ. ಆಸ್ಪತ್ರೆ ಮುಟ್ತೀನೋ ಇಲ್ವೋ," ಅಂದ.

"ಸುಮ್ನಿರಪ್ಪಾ, ಹಾಗೆಲ್ಲ ಮಾತಾಡ್ಬೇಡ," ಅಂತ ಗದರಿದೆ. ಗದರುತ್ತಲೇ ಲೋಟ ತುಂಬಿಸಿ ಕೊಟ್ಟೆ. ಕಣ್ಣು ಮುಚ್ಚಿಕೊಂಡು, ನಿಧಾನವಾಗಿ, ಕೊನೆಯ ಹನಿಯವರೆಗೂ ಕುಡಿದ. ಆಮೇಲೆ ಬಾಯಿ ಒರೆಸಿಕೊಂಡು, "ಪುಟ್ಟಂಗೆ ಹೇಳ್ಬೇಡ, ನಿನ್ನ ಬೈತಾನೆ," ಅಂದ.

ಬೈಯುವುದಕ್ಕಾದರೂ ಬಾರೋ. ತಡ ಮಾಡಬೇಡ.

ಅಕ್ಕ