ಕರೆದರೆ ತಿರುಗುತ್ತಾನೆ

ಶ್ರೀ

ದೊಡ್ಡಬಳ್ಳಾಪುರ
೧೨-೩-೧೯೯೫

ಚಿ|| ಸೌ|| ಮುನಿರತ್ನಮ್ಮನಿಗೆ ನಿನ್ನ ಅಣ್ಣ ವೆಂಕಟರಮಣಪ್ಪ ಮಾಡುವ ಆಶೀರ್ವಾದ.

ಧರ್ಮಾವರದಿಂದ ನೀನು ಬರೆದ ಮೂರು ಕಾಗದಗಳೂ ಬಂದಿವೆ. ಸಂಕ್ರಾಂತಿಗೆ ಮುಂಚೆ ಒಂದು, ಆಮೇಲೊಂದು, ಶಿವರಾತ್ರಿಯ ಮಾರನೆಯ ದಿನ ಇನ್ನೊಂದು. ಮೂರನ್ನೂ ದೇವರ ಗೂಡಿನಲ್ಲಿಟ್ಟು ದಿನಾ ಕೈಮುಗಿದು ಬರುತ್ತಿದ್ದೆನೇ ಹೊರತು ಉತ್ತರ ಬರೆಯಲಿಲ್ಲ. ಕೆಲಸ ಜಾಸ್ತಿ, ಕಣ್ಣು ಮಂಜು ಎಂದು ಏನಾದರೂ ಬರೆಯಬಹುದಿತ್ತು. ನೀನು ನಂಬುವವಳಲ್ಲ. ನಾನು ಸುಳ್ಳು ಹೇಳುವಾಗ ಮೂಗು ಕೆರೆದುಕೊಳ್ಳುತ್ತೇನೆಂದು ಏಳು ವರ್ಷದವಳಿದ್ದಾಗಲೇ ಕಂಡುಹಿಡಿದವಳು ನೀನು. ತಡವಾದದ್ದಕ್ಕೆ ಕ್ಷಮಿಸು ಎಂದಷ್ಟೇ ಬರೆಯುತ್ತೇನೆ.

ಮನೆಯ ಕಡೆ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ನಿನ್ನ ಅತ್ತಿಗೆ ರುಕ್ಮಿಣಮ್ಮನಿಗೆ ಮಂಡಿನೋವು, ಅದರ ಸಿಟ್ಟೆಲ್ಲ ನನ್ನ ಮೇಲೆ. ವಾಣಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತು. ಅತ್ತೆಯ ಆಶೀರ್ವಾದ ಬೇಕಂತೆ, ಬರೆದು ಕಳಿಸು. ಮೂರು ಮಗ್ಗ ಓಡುತ್ತಿವೆ. ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕರೆಂಟು ತೆಗೆಯುತ್ತಾರೆ. ಈ ಕಾಗದ ಬರೆಯುತ್ತಿರುವುದೂ ಆ ಹೊತ್ತಿನಲ್ಲೇ, ನಮ್ಮ ಮುನಿಕೃಷ್ಣ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದ ಜಾಗದಲ್ಲಿ. ಈಗ ಕಂಡಿಕೆ ಸುತ್ತುವವನು ನಾನೇ. ಅವನ ಕೈಯ ನಯ ನನಗೆ ಬಂದಿಲ್ಲ, ಲಾಳಿಯಲ್ಲಿ ನೂಲು ಕಡಿಯುತ್ತಲೇ ಇರುತ್ತದೆ.

ಅಪ್ಪ ಹಾಸಿದ ಹೊನ್ನೆ ಹಲಗೆ ಹಾಗೇ ಇದೆ, ರಾಟೆಯಿಂದ ಹಿಡಿದು ಅಡಿಗೆಮನೆಯ ಬಾಗಿಲವರೆಗೆ. ಹುಟ್ಟಿನಿಂದ ಕಿವಿ ಕೇಳದ ಮಗ ಮುನಿಕೃಷ್ಣನನ್ನು ಕೂಗಿ ಪ್ರಯೋಜನವಿಲ್ಲ ಎಂದು ಅಪ್ಪ ಅದನ್ನು ಹಾಸಿದ್ದು ನಿನಗೆ ನೆನಪಿರಬೇಕು. ಈ ತುದಿಯಲ್ಲಿ ಕಾಲು ಬಡಿದರೆ ಆ ತುದಿಯಲ್ಲಿ ಕೂತವನು ತಿರುಗುತ್ತಿದ್ದ. ಮಗ್ಗದ ನಡುಕವೇ ಬೇರೆ, ಕಾಲಿನ ಏಟೇ ಬೇರೆ ಎಂದು ಅವನ ಮೈಗೆ ಗೊತ್ತಿತ್ತು. ಅಮ್ಮನದು ಎರಡು ಸಣ್ಣ ಏಟು, ನಿನ್ನದು ಕುಣಿತ, ನನ್ನದು ಹಿಮ್ಮಡಿಯಿಂದ ಒಂದೇ ಏಟು. ಕರೆದವರು ಯಾರೆಂದು ತಿರುಗುವ ಮುಂಚೆಯೇ ಕೈಯಲ್ಲಿ ಹೇಳುತ್ತಿದ್ದ. ಅಮ್ಮನಿಗೆ ಹಣೆ ಮುಟ್ಟಿಕೊಳ್ಳುವುದು, ನಿನಗೆ ಬಳೆ ಅಲ್ಲಾಡಿಸುವುದು, ನನಗೆ ಮೀಸೆ ತಿರುವುವುದು. ಒಂದು ದಿನವೂ ತಪ್ಪು ಹೇಳಿದವನಲ್ಲ.

ಇದನ್ನು ಯಾಕೆ ಬರೆದೆನೆಂದರೆ, ಎರಡು ಗಂಟೆಗೆ ಕರೆಂಟು ಹೋದಾಗ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಆಗ ಹಲಗೆಯ ಮೇಲೆ ಕೂತ ನನ್ನ ಅಂಗಾಲಿಗೆ ಒಂದು ಏಟು ತಗಲುತ್ತದೆ. ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ದಿನಾ ಅಲ್ಲ, ವಾರಕ್ಕೆ ಒಂದೆರಡು ಸಲ. "ಹಲಗೆ ಕೆಳ್ಗೆ ಇಲಿ ಸೇರ್ಕಂಡೈತೆ ಕಣ್ರೀ" ಅಂದಳು ರುಕ್ಮಿಣಮ್ಮ. ಹಲಗೆ ಎತ್ತಿಸಿ ನೋಡಿದೆ. ನೂಲಿನ ಧೂಳು, ಒಂದು ಮುರಿದ ಕಂಡಿಕೆ, ವಾಣಿಯ ಹಳೆಯ ಬಳಪ ಸಿಕ್ಕವು. ಇಲಿಯ ಗುರುತೇ ಇರಲಿಲ್ಲ. ಭಯವಾಗುತ್ತದೆ ಮುನಿರತ್ನ. ಐವತ್ತೆರಡು ವರ್ಷದ ಗಂಡಸು ಹಾಡಹಗಲಲ್ಲಿ ತನ್ನ ಮನೆಯಲ್ಲೇ ಹೆದರುತ್ತಾನೆಂದು ಯಾರಿಗೆ ಹೇಳಲಿ?

ನಿನ್ನ ಕಡೆಯ ಕಾಗದದಲ್ಲಿ ಒಂದೇ ಪ್ರಶ್ನೆ ಕೇಳಿದ್ದೀಯ. ಹುಟ್ಟುಕಿವುಡನಿಗೆ ಕಿವಿ ಕೇಳುತ್ತದೆ ಎಂದು ಹೇಗೆ ಬರೆದರು, ಆ ಕ್ಯಾಂಪಿನಲ್ಲಿ ಏನು ನಡೆಯಿತು ಅಂತ. ನೆನಪಿರುವಷ್ಟು ಬರೆಯುತ್ತೇನೆ.

ತೊಂಬತ್ತಮೂರರ ಆಷಾಢ. ಅಂಗವಿಕಲರ ಮಾಸಾಶನದಲ್ಲಿ ಕಳ್ಳರು ಸೇರಿಕೊಂಡಿದ್ದಾರೆ, ಸರ್ಕಾರಕ್ಕೆ ಖರ್ಚು ಮಿತಿ ಮೀರಿದೆ, ಎಲ್ಲರನ್ನೂ ಹೊಸದಾಗಿ ಪರೀಕ್ಷೆ ಮಾಡುತ್ತೇವೆ ಎಂದು ಟಾಂಟಾಂ ಹಾಕಿಸಿದರು. ಒಂದು ಹೈಸ್ಕೂಲಿನ ಸಭಾಂಗಣದಲ್ಲಿ ಕ್ಯಾಂಪು. ಬಾಗಿಲಿಗೆ ಶಾಮಿಯಾನ, ಸಾಹೇಬರಿಗೆ ಏಲಕ್ಕಿ ಹಾರ, ಹಿಂದೆ ಒಲೆ ಹೂಡಿ ಕೇಸರಿಬಾತು. ಕಿವಿ ಕೇಳದವರನ್ನು ಮೈಕಿನಲ್ಲಿ ಹೆಸರು ಹಿಡಿದು ಕರೆದರು, ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಅದೇ ವರ್ಷ ವೃತ್ತದಲ್ಲಿ ಬಣ್ಣದ ದೀಪದ ಕಾರಂಜಿ ಕಟ್ಟಿಸಿದ್ದರು. ನಲ್ಲಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಅದು ಉದ್ಘಾಟನೆಯ ದಿನ ಚಿಮ್ಮಿತು, ಆಮೇಲೆ ಕಾಗೆ ಕೂರುವುದಕ್ಕಾಯಿತು.

ಬೆಂಗಳೂರಿನಿಂದ ಬಂದ ತನಿಖೆಯ ಸಾಹೇಬರು ಕೆಟ್ಟವರಂತೆ ಕಾಣಲಿಲ್ಲ. "ಸರ್ಕಾರದ ದುಡ್ಡು ಅಂದ್ರೆ ನಿಮ್ಮ ದುಡ್ಡೇ ಕಣ್ರೀ. ಅದು ಕಳ್ಳರ ಪಾಲಾಗಬಾರದು. ಸುಳ್ಳು ಹೇಳ್ಕೊಂಡು ಬಂದೋರ್ನ ಒಳಗೆ ಹಾಕಿಸ್ತೀನಿ" ಅಂದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಎರಡು ಕಾಲೂ ಗಟ್ಟಿಯಿದ್ದು ಸ್ಕೂಟರಿನಲ್ಲಿ ಓಡಾಡುತ್ತಾ ಮಾಸಾಶನ ತಿನ್ನುವವನನ್ನು ನಾನೇ ಬಲ್ಲೆ. ಅವನ ಹೆಸರು ಮಾತ್ರ ಪಟ್ಟಿಯಲ್ಲಿ ಇವತ್ತಿಗೂ ಭದ್ರವಾಗಿದೆ.

ಹೂ ಕಟ್ಟುವ ಪಾಪಮ್ಮ, ಪೋಲಿಯೊ ಬಂದು ಒಂದು ಕಾಲು ಬಿದ್ದುಹೋದವಳು, ನಮಗಿಂತ ಮುಂದಿದ್ದಳು. "ನಡ್ಕೊಂಡೇ ಬಂದಿದ್ದೀಯಲ್ಲಮ್ಮಾ?" ಎಂದರು. "ಹೊತ್ಕಂಡು ಬರೋರು ಯಾರೂ ಇಲ್ವಲ್ಲ ಸ್ವಾಮಿ" ಎಂದಳು. ಅವಳ ಹೆಸರಿನ ಮೇಲೆ ಕೆಂಪು ಗೀಟು ಎಳೆದರು.

ಆಮೇಲೆ ಮುನಿಕೃಷ್ಣ. ಬೆಂಗಳೂರಿನ ದೊಡ್ಡಾಸ್ಪತ್ರೆಯ ಕಾಗದ ತೋರಿಸಿದೆ, ಹಳೆಯದೆಂದು ಪಕ್ಕಕ್ಕಿಟ್ಟರು. ಅವನನ್ನು ವೇದಿಕೆಯ ಮೇಲೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಜೊತೆಗೆ ಬಂದವನೆಂದು ನಾನೂ ವೇದಿಕೆಯ ಮೇಲೇ, ಹಿಂದೆ ನಾಲ್ಕು ಮಾರು ದೂರದಲ್ಲಿದ್ದೆ. ಸಾಹೇಬರು ಬೆನ್ನ ಹಿಂದಿನಿಂದ ಹೆಸರು ಹಿಡಿದು ಕರೆದರು. ತಿರುಗಲಿಲ್ಲ. ಇನ್ನೊಂದು ಸಲ ಕರೆದರು, ತಿರುಗಲಿಲ್ಲ. ಮೂರನೆಯ ಸಲ ತಿರುಗಿದ. ಯಾಕೆ ತಿರುಗಿದನೆಂದು ಎಲ್ಲರಿಗೂ ಹೇಳಿದ್ದನ್ನೇ ನಿನಗೂ ಹೇಳಿದ್ದೆ, ಬೆನ್ನಿಗೆ ಗಾಳಿ ಸೋಕಿರಬೇಕು, ನೆರಳು ಕಂಡಿರಬೇಕು ಅಂತ. "ಕರೆದರೆ ತಿರುಗುತ್ತಾನೆ. ಶ್ರವಣಶಕ್ತಿ ಇದೆ" ಎಂದು ಬರೆದು ಸಹಿ ಹಾಕಿದರು. ಅವತ್ತು ಹನ್ನೊಂದು ಹೆಸರು ಹೋದವು.

ತಿಂಗಳಿಗೆ ಐವತ್ತು ರೂಪಾಯಿ. ಅದರಿಂದ ನಮ್ಮ ಮನೆ ನಡೆಯುತ್ತಿರಲಿಲ್ಲ, ನಿಂತೂ ಹೋಗಲಿಲ್ಲ. ಆದರೆ ಪ್ರತಿ ತಿಂಗಳು ಹತ್ತನೇ ತಾರೀಖು ಪೋಸ್ಟ್‌ಮ್ಯಾನ್ ಆವಲಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದು ನನ್ನನ್ನಲ್ಲ, ಅವನನ್ನು. ಮುನಿಕೃಷ್ಣ ಕೈ ತೊಳೆದು, ತಲೆ ಬಾಚಿ, ನಾಲ್ಕು ಅಕ್ಷರದ ಸಹಿ ಹಾಕುತ್ತಿದ್ದ. ಮನಿಯಾರ್ಡರಿನ ತುಂಡು ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಡುತ್ತಿದ್ದ. ಅತ್ತಿಗೆಗೆ ಹೂ, ವಾಣಿಗೆ ಬೆಣ್ಣೆಬಿಸ್ಕತ್ತು ತರುತ್ತಿದ್ದ. ಉಳಿದದ್ದನ್ನು ತಂದು ನನ್ನ ಕೈಗಿಟ್ಟು ಎದೆ ತಟ್ಟಿಕೊಳ್ಳುತ್ತಿದ್ದ, ನಾನೂ ಈ ಮನೆಯವನು ಅಂತ.

ಮಾಸಾಶನ ನಿಂತ ಮೇಲೂ ಹತ್ತನೇ ತಾರೀಖು ತಲೆ ಬಾಚಿಕೊಂಡು ಜಗುಲಿಯಲ್ಲಿ ಕೂರುತ್ತಿದ್ದ. ಆವಲಪ್ಪ ನಮ್ಮ ಬೀದಿಗೆ ಬರುವುದನ್ನೇ ಬಿಟ್ಟ. ಸಿಕ್ಕಾಗ ಬೈದೆ. "ಆ ಮುಖ ನೋಡಕ್ಕಾಗಲ್ಲ ಕಣಣ್ಣೋ, ಅದ್ಕೇ ಹಿಂದ್ಗಡೆ ಬೀದೀಲಿ ಹೋಗ್ಬಿಡ್ತೀನಿ" ಎಂದ. ಊಟದಲ್ಲಿ ಎರಡು ಮುದ್ದೆ ತಿನ್ನುತ್ತಿದ್ದವನು ಒಂದಕ್ಕೇ ಏಳತೊಡಗಿದ. ಬಡಿಸಲು ಹೋದರೆ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದ. "ನಾನೇನಾರ ಅಂದಿದ್ದೀನಾ? ನೀವಾರ ಕೇಳ್ರೀ" ಎಂದು ರುಕ್ಮಿಣಮ್ಮ ಅತ್ತಳು. ನಾನು ಕೇಳಲಿಲ್ಲ. ಹೋದ ವರ್ಷ ಫೆಬ್ರವರಿ ಹತ್ತನೇ ತಾರೀಖು ಬೆಳಿಗ್ಗೆ ನೋಡಿದರೆ ಹಲಗೆಯನ್ನು ಗುಡಿಸಿ, ಒಂದು ವಾರಕ್ಕಾಗುವಷ್ಟು ಕಂಡಿಕೆ ಸುತ್ತಿಟ್ಟು ಹೋಗಿದ್ದ. ಎರಡು ಪಂಚೆ ಮತ್ತು ಆ ಬಿಸ್ಕತ್ತಿನ ಡಬ್ಬಿ ಇರಲಿಲ್ಲ.

ಪೊಲೀಸರಿಗೆ ಹೇಳಿದ್ದು ನಿನಗೆ ಗೊತ್ತು. ಕೇಳಿದ್ದೇನೆಂದು ಬರೆದಿರಲಿಲ್ಲ. ಅವನದೆಂದು ಇದ್ದ ಒಂದೇ ಫೋಟೋ ಮಾಸಾಶನದ ಕಾಗದಕ್ಕೆ ಅಂಟಿಸಿದ್ದು, ಅದನ್ನೇ ಒಯ್ದಿದ್ದೆ. ಪೇದೆ ಕಾಗದ ಓದಿ, "ಕಿವುಡ ಅಂತೀರಾ, ಇಲ್ಲಿ ಕೇಳ್ಸುತ್ತೆ ಅಂತೈತೆ. ಯಾವುದು ಬರ್ಕೊಳ್ಳಲಿ ಯಜಮಾನ್ರೇ?" ಎಂದ.

ವಿಜಯಪುರದ ರೇಷ್ಮೆ ಬಿಚ್ಚುವ ಕಡೆ ಒಬ್ಬ ಮೂಗನಿದ್ದಾನೆ ಎಂದರು, ಹೋದೆ. ಅರಿಶಿನಕುಂಟೆಯ ಹತ್ತಿರ ರಸ್ತೆ ಪಕ್ಕದ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದಾನೆ ಎಂದರು, ಅಲ್ಲಿಗೂ ಹೋದೆ. ಯಾರು ಯಾರೋ, ಅವನಲ್ಲ. ಎಲ್ಲರಂತೆ ಹೆಸರು ಕೂಗಿಕೊಂಡು ಹುಡುಕುವ ಭಾಗ್ಯವೂ ನಮಗಿಲ್ಲವಲ್ಲ. ದೇವನಹಳ್ಳಿ, ನೆಲಮಂಗಲ, ಹೊಸಕೋಟೆ, ಯಾವ ಬಸ್ ಸ್ಟ್ಯಾಂಡಿನಲ್ಲಿ ಇಳಿದರೂ ಜನರ ಮಧ್ಯೆ ನಿಂತು ಹಿಮ್ಮಡಿಯಿಂದ ನೆಲ ಬಡಿಯುತ್ತೇನೆ. ಮಣ್ಣಿನಲ್ಲಿ ಏಟು ಹೋಗುವುದಿಲ್ಲ, ನನಗೂ ಗೊತ್ತು. ಆದರೂ ಬಡಿದು ನೋಡುತ್ತೇನೆ, ಯಾರಾದರೂ ತಿರುಗುತ್ತಾರೇನೋ ಅಂತ. ತಿರುಗುವವರು ತಿರುಗುತ್ತಾರೆ, ಹುಚ್ಚನೆಂದು ನಕ್ಕು ಹೋಗುತ್ತಾರೆ.

ಈಗ ಪಿಳ್ಳಪ್ಪ ಮೇಷ್ಟರು, ನಮಗೆಲ್ಲ ಮಗ್ಗಿ ಕಲಿಸಿದವರು, ಹೆಸರು ಹೋದ ಹನ್ನೊಂದು ಜನರ ಪರವಾಗಿ ಅರ್ಜಿ ಬರೆದಿದ್ದಾರೆ. ನಿನಗೂ ಕಾಗದ ಹಾಕಿದವರು ಅವರೇ ಎಂದು ಕಾಣುತ್ತದೆ. "ಒಬ್ಬ ಸುಳ್ಳುಗಾರನ್ನ ಹಿಡಿಯಕ್ಕೆ ಹೋಗಿ ನಿಜವಾದೋರ ಅನ್ನಕ್ಕೆ ಕೈ ಹಾಕಿದ್ರಲ್ಲಪ್ಪಾ. ಮುನಿಕೃಷ್ಣ ಕಿವುಡ ಅಂತ ಊರಿಗೇ ಗೊತ್ತು. ಅವನು ಯಾಕೆ ತಿರುಗ್ದ ಅಂತ ಒಂದು ತೋರ್ಸಿಬಿಟ್ರೆ ಪರೀಕ್ಷೇನೇ ಸುಳ್ಳು ಅಂತ ಆಗುತ್ತೆ. ಉಳಿದ ಹತ್ತು ಜನ ಬದುಕ್ಕೋತಾರೆ. ನಮ್ಮೋರಲ್ಲಿ ವೇದಿಕೆ ಮೇಲೆ ಇದ್ದೋನು ನೀನೊಬ್ನೇ, ಬರ್ಕೊಡೋ" ಎಂದು ಮೂರು ಸಲ ಮನೆಗೆ ಬಂದರು. ಯುಗಾದಿಯೊಳಗೆ ಕೊಡಬೇಕಂತೆ. ಮೂರನೆಯ ಸಲ ಅವರು ಬಂದಾಗ ನಾನು ಹಿತ್ತಲಲ್ಲಿ ಕೂತು, ಇಲ್ಲವೆಂದು ವಾಣಿಯಿಂದ ಹೇಳಿಸಿದೆ. ಪಾಪಮ್ಮ ಈಗ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವುದರ ಜೊತೆಗೆ ಕೈಯನ್ನೂ ಚಾಚುತ್ತಾಳೆ. ನನ್ನನ್ನು ಕಂಡರೆ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಾಳೆ.

ನಾಲ್ಕು ಗಂಟೆ ಆಯಿತು, ಕರೆಂಟು ಬಂತು. ಭಾವನವರಿಗೆ ನನ್ನ ನಮಸ್ಕಾರ. ಮಕ್ಕಳಿಗೆ ವಿದ್ಯೆ ಹತ್ತಲಿ, ನಿನ್ನ ಮನೆಯ ಮಗ್ಗ ನಿಲ್ಲದಿರಲಿ, ಚೌಡೇಶ್ವರಮ್ಮ ನಿನ್ನನ್ನು ತಣ್ಣಗಿಟ್ಟಿರಲಿ. ಯುಗಾದಿಗೆ ಬಾ. ಬಂದರೆ ಹಲಗೆಯ ಮೇಲೆ ಒಂದು ಸಲ ಕುಣಿದು ಹೋಗು.

ನಿನ್ನ ಅಣ್ಣ,
ವೆಂಕಟರಮಣಪ್ಪ

ಮೇಲೆ ಬರೆಯದೆ ಬಿಟ್ಟದ್ದು, ೧೬-೩-೯೫:

ಕಾಗದವನ್ನು ಅಂಟಿಸದೆ ನಾಲ್ಕು ದಿನ ಇಟ್ಟುಕೊಂಡಿದ್ದೆ. ನೀನು ಕೇಳಿದ್ದಕ್ಕೆ ಉತ್ತರ ಇದರಲ್ಲಿಲ್ಲ. ಮೂಗು ಕೆರೆದುಕೊಂಡೇ ಬರೆದಿದ್ದೇನೆ.

ಆ ವೇದಿಕೆ ಹಲಗೆಯದು. ಸಾಹೇಬರು ಮೂರನೆಯ ಸಲ ಕರೆದಾಗ ಕೆಳಗೆ ಕೂತವರು ನಗತೊಡಗಿದರು. ದೊಡ್ಡವರು ಕರೆಯುತ್ತಿದ್ದಾರೆ, ನಮ್ಮವನು ಬೆನ್ನು ತೋರಿಸಿಕೊಂಡು ನಿಂತಿದ್ದಾನೆ ಎಂದು ನನಗೆ ನಾಚಿಕೆಯಾಯಿತು. ಮೂವತ್ತು ವರ್ಷದ ಅಭ್ಯಾಸ. ನಾನು ಕಾಲು ಬಡಿದೆ. ಅವನು ತಿರುಗಿದ್ದು ಸಾಹೇಬರ ಕಡೆಗಲ್ಲ, ನನ್ನ ಕಡೆಗೆ. ತಿರುಗುವ ಮುಂಚೆಯೇ ಅವನ ಕೈ ಮೀಸೆಯ ಮೇಲಿತ್ತು. ಕರೆದೆಯಲ್ಲ, ಬಂದೆ ಎಂದು ನಗುತ್ತಿದ್ದ.

ಸಾಹೇಬರು ಬರೆಯುವ ಮುಂಚೆ ನನ್ನ ಕಡೆ ನೋಡಿ, "ನೀವೇನಾದ್ರೂ ಹೇಳೋದಿದೆಯೇನ್ರೀ?" ಎಂದು ಕೇಳಿದರು. ಕಾಲು ಬಡಿದೆನೆಂದರೆ ಸನ್ನೆ ಮಾಡಿ ಮೋಸ ಮಾಡಿದೆ ಅನ್ನುತ್ತಾರೆ, ಒಳಗೆ ಹಾಕಿಸುತ್ತಾರೆ ಎಂದು ಹೆದರಿದೆ. ಐವತ್ತು ರೂಪಾಯಿ ತಾನೆ, ಅವನು ಉಣ್ಣುವುದು ನನ್ನ ಮನೆಯಲ್ಲೇ ಎಂದೂ ಅಂದುಕೊಂಡೆ. "ಇಲ್ಲ ಸಾರ್" ಎಂದೆ.

ಇದಿಷ್ಟನ್ನೂ ಇವತ್ತು ಮಧ್ಯಾಹ್ನ ಮೇಷ್ಟರಿಗೆ ಬರೆದುಕೊಟ್ಟು ಸಹಿ ಹಾಕಿ ಬಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನೊಂದನ್ನು ಅವರಿಗೂ ಹೇಳಿಲ್ಲ, ನಿನಗೊಬ್ಬಳಿಗೇ.

ಕ್ಯಾಂಪಿನಿಂದ ಬಂದು ಹಲಗೆಯ ಮೇಲೆ ಕೂತಾಗ ಮುನಿಕೃಷ್ಣ ಅಂಗೈ ಅರಳಿಸಿ, ಯಾಕೆ ತೆಗೆದರು ಎಂದು ಕೇಳಿದ. ನಾನು ಮೇಲಕ್ಕೆ ಕೈ ತೋರಿಸಿದೆ, ಸರ್ಕಾರ ಅಂತ. ಅವನು ಅಲ್ಲವೆಂದು ತಲೆಯಾಡಿಸಿದ. ಬಗ್ಗಿ ನನ್ನ ಬಲಗಾಲಿನ ಹಿಮ್ಮಡಿಯನ್ನು ಒಂದು ಬೆರಳಿಂದ ಮುಟ್ಟಿದ. ಕೋಪವಿರಲಿಲ್ಲ ಮುನಿರತ್ನ. ಹೌದು ತಾನೇ ಎನ್ನುವ ಹಾಗೆ ನನ್ನ ಮುಖ ನೋಡಿದ, ಅಷ್ಟೇ. ನಾನು ಕಾಲನ್ನು ಪಂಚೆಯೊಳಗೆ ಎಳೆದುಕೊಂಡೆ.