ನಾಲ್ಕು ಮಡಿಕೆಯ ಫ್ರಾಕು

ಗುರುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ ಎಂದೇ ಕಾಗದ ಶುರು ಮಾಡಬೇಕಲ್ಲ, ಮಾಡಿದ್ದೇನೆ. ನಿನ್ನ ಮೂರು ಕಾಗದಗಳೂ ಹೊಲಿಗೆ ಯಂತ್ರದ ಡ್ರಾಯರಿನಲ್ಲಿವೆ. ದಾರದುಂಡೆ ತೆಗೆಯಲು ಹೋದಾಗಲೆಲ್ಲ ಕೈಗೆ ತಾಗುತ್ತವೆ. ಮಕ್ಕಳು ಬಂದಮೇಲೆ ಅಕ್ಕನನ್ನೇ ಮರೆತೆ ಎಂದು ಬರೆದಿದ್ದೀಯ. ಬೈದುಕೋ, ನಿನಗೆ ಹಕ್ಕಿದೆ. ಎಂಟು ತಿಂಗಳಿಂದ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಕಳೆದ ವಾರದಿಂದ ಪುರುಸೊತ್ತಿತ್ತು, ಧೈರ್ಯ ಇರಲಿಲ್ಲ.

ಮೊದಲು ಸುದ್ದಿ. ದೊಡ್ಡವಳಿಗೆ ಏಳು ತುಂಬಿತು. ನಮ್ಮ ಮಾತು ಪಟಪಟ ಆಡುತ್ತಾಳೆ, ಅಂಗಡಿಗೆ ಬರುವ ಗಿರಾಕಿಗಳಿಗೆ ಬಟ್ಟೆ ನಾಳೆ ಸಿಗುತ್ತದೆ ಎಂದು ನನ್ನಂತೆಯೇ ಸುಳ್ಳು ಹೇಳುತ್ತಾಳೆ. ಸಣ್ಣವಳು ಇವರ ಬಸ್ಸಿನ ಹಾರ್ನನ್ನು ತಿರುವಿನಲ್ಲೇ ಗುರುತು ಹಿಡಿದು ಬಾಗಿಲಿಗೆ ಓಡುತ್ತಾಳೆ. ಹದಿನೈದು ವರ್ಷ ಮನೆಯಲ್ಲಿ ದಿನಕ್ಕೆ ಹತ್ತು ಮಾತು ಆಡದಿದ್ದ ಮನುಷ್ಯ ಈಗ ಸಮವಸ್ತ್ರ ಬಿಚ್ಚುವ ಮೊದಲೇ ಕುದುರೆಯಾಗಿ ನಡುಮನೆಯ ತುಂಬ ಓಡಾಡುತ್ತಾರೆ. ಇಷ್ಟು ಸುಖ ನನಗೆ ಒಗ್ಗುವುದಿಲ್ಲವೇನೋ ಎಂದು ಒಮ್ಮೊಮ್ಮೆ ಭಯವಾಗುತ್ತಿತ್ತು.

ಮಕ್ಕಳನ್ನು ದತ್ತು ತೆಗೆದುಕೊಂಡು ಕರೆತರಲು ಆ ದೇಶದ ಅನಾಥಾಲಯಕ್ಕೆ ಹೋಗಿದ್ದಾಗ, ಅಲ್ಲಿ ಬಟ್ಟೆ ಒಗೆಯುವ ಹೆಂಗಸಿನ ವಿಷಯ ನಿನಗೆ ಫೋನಿನಲ್ಲಿ ಹೇಳಿ ನಕ್ಕಿದ್ದೆ, ನೆನಪಿದೆಯಾ? ಅನಾಥಾಲಯದವರು ಕಳಿಸಿದ ಅಳತೆಗೆ ಒಂದು ನೂಲೂ ಹೆಚ್ಚುಕಮ್ಮಿ ಆಗದ ಹಾಗೆ ನಾನು ಎರಡು ಹಳದಿ ಫ್ರಾಕು ಹೊಲಿದು ಒಯ್ದಿದ್ದೆ. ಇಸ್ತ್ರಿಗೆ ಕೊಟ್ಟರೆ ಆ ಹೆಂಗಸು ಅಂಚು ತಿರುವಿ ನೋಡಿ, ನನ್ನ ಮುಖ ನೋಡಿ, ನಾಲಿಗೆ ಲೊಚಗುಟ್ಟಿದಳು. ನನ್ನ ಹೊಲಿಗೆಗೇ ಹೆಸರಿಡುವವಳು ಇವಳ್ಯಾರು ಎಂದು ನನಗೆ ಉರಿದುಹೋಯಿತು.

ಮರುದಿನ ಫ್ರಾಕುಗಳು ವಾಪಸು ಬಂದಾಗ ಅಂಚಿನ ಒಳಗಡೆ ನೀಲಿ ಚೌಕಳಿಯ ಪಟ್ಟಿಯೊಂದು ಸೇರಿತ್ತು. ಅವಳು ಉಟ್ಟಿದ್ದ ಲಂಗದ್ದೇ ಬಟ್ಟೆ. ಅದನ್ನು ನಾಲ್ಕು ಮಡಿಕೆ ಮಾಡಿ, ಒಂದೊಂದು ಮಡಿಕೆಗೂ ಬೇರೆ ಬೇರೆ ಕೈಹೊಲಿಗೆ ಹಾಕಿದ್ದಳು. ಭಾರಕ್ಕೆ ಫ್ರಾಕಿನ ಅಂದವೇ ಕೆಟ್ಟಿತ್ತು. ಮನೆಗೆ ಹೋಗಿ ಬಿಚ್ಚಿದರಾಯಿತು ಎಂದುಕೊಂಡೆ, ಆಮೇಲೆ ಮರೆತೆ.

ಹೊರಡುವಾಗ ಅವಳು ಗೇಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಇಬ್ಬರಿಗೂ ನಾಲ್ಕು ಬೆರಳು ತೋರಿಸಿದಳು. ಆಮೇಲೆ ಎದ್ದು ನನಗೂ ತೋರಿಸಿದಳು. ಅಲ್ಲಿಯವರು ಹೀಗೇ ಟಾಟಾ ಮಾಡುತ್ತಾರೇನೋ ಎಂದು ನಾನೂ ನಗುತ್ತ ನಾಲ್ಕು ಬೆರಳು ಎತ್ತಿದೆ. ಅವಳು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಕಳೆದ ಗುರುವಾರ ಆ ಪಟ್ಟಿ ಬಿಚ್ಚಲು ಕತ್ತರಿ ತೆಗೆದುಕೊಂಡೆ. ದೊಡ್ಡವಳು ಓಡಿಬಂದು ಫ್ರಾಕು ಕಿತ್ತುಕೊಂಡಳು. ಯಾಕೆ ಎಂದರೆ, ತೀರ ಮಾಮೂಲಿ ವಿಷಯದ ಹಾಗೆ ಹೇಳಿದಳು:

"ಇದು ಅಮ್ಮ ಹಾಕಿದ್ದು. ವರ್ಷಕ್ಕೊಂದು ಬಿಚ್ಚಬೇಕು. ನಾಲ್ಕೂ ಬಿಚ್ಚಿದಾಗ ನಮ್ಮ ಶಾಲೆ ಮುಗಿಯುತ್ತೆ, ಆಮೇಲೆ ಮನೆಗೆ. ನೀವೂ ಅಮ್ಮಂಗೆ ನಾಲ್ಕು ಅಂತ ಹೇಳಿದ್ರಲ್ಲ?"

ಕತ್ತರಿ ಕೆಳಗಿಟ್ಟೆ, ಅಕ್ಕ. ಮಕ್ಕಳ ಕಾಗದಪತ್ರದಲ್ಲಿ ತಂದೆಯೂ ಇಲ್ಲ, ತಾಯಿಯೂ ಇಲ್ಲ ಎಂದಿದೆ, ಕೆಳಗೆ ಠಸ್ಸೆ ಇದೆ. ಆ ತಾಯಿ ನನ್ನ ಎದುರು ನಿಂತು ನನ್ನ ಫ್ರಾಕಿಗೆ ಇಸ್ತ್ರಿ ಹಾಕಿದ್ದಳು.

ಇವರು ಮರುದಿನ ರಜೆ ಹಾಕಿ ಅಲ್ಲಿಯ ದುಭಾಷಿಗೆ ಫೋನ್ ಮಾಡಿದರು. ಅವನು ಅನಾಥಾಲಯದ ಮೇಲ್ವಿಚಾರಕಿಯನ್ನು ಕೇಳಿ ಹೇಳಿದನಂತೆ, ಆ ಹೆಂಗಸು ಒಪ್ಪಿ ಹೆಬ್ಬೆಟ್ಟು ಒತ್ತಿದ್ದಾಳೆ, ನೀವು ತಲೆ ಕೆಡಿಸಿಕೊಳ್ಳಬೇಡಿ ಎಂದು. ಸತ್ತವಳು ಹೆಬ್ಬೆಟ್ಟು ಒತ್ತಿದ್ದು ಹೇಗೆ ಎಂದು ಇವರು ಕೇಳಿದರು. ಫೋನ್ ಕಟ್ಟಾಯಿತು. ಆಮೇಲೆ ಎರಡು ದಿನ ಯಾರೂ ಎತ್ತಲಿಲ್ಲ.

ಇವರು ಒಂದೇ ಮಾತು ಹೇಳಿದರು. "ಕರ್ಕೊಂಡು ಹೋಗಿ ಅವಳ ಮುಂದೆ ನಿಲ್ಲೋಣ. ಆಮೇಲೆ ಅವಳು ಹೇಳಿದ ಹಾಗೆ." ಹೇಳಿ, ಸಣ್ಣವಳ ಬೂಟಿನ ಲೇಸು ಕಟ್ಟುತ್ತ ಅತ್ತರು. ಸ್ವಲ್ಪ ತಡೆಯಿರಿ ಎಂದೆ. ದಿನವೂ ಅದನ್ನೇ ಅನ್ನುತ್ತಿದ್ದೇನೆ.

ನೀನು ಬರಬೇಕು, ಅಕ್ಕ. ಬಂದು ನನ್ನನ್ನು ಬೈದು ಸರಿದಾರಿಗೆ ತರಬೇಕು, ಚಿಕ್ಕಂದಿನಲ್ಲಿ ತರುತ್ತಿದ್ದ ಹಾಗೆ. ಭಾವನಿಗೆ ನಮಸ್ಕಾರ, ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಅವರು ಸದಾ ನಿನ್ನ ಕಣ್ಣೆದುರಿಗೇ ಇರಲಿ.

ಇಂತಿ ನಿನ್ನ ತಂಗಿ, ನೀನು ಚಿಕ್ಕಂದಿನಿಂದ ಕರೆಯುವ
ಕತ್ತರಿ

ಮೇಲೆ ಬರೆಯದೆ ಬಿಟ್ಟ ಮಾತು: ಇವತ್ತು ಬೆಳಗ್ಗೆ ದೊಡ್ಡವಳು ಆ ಫ್ರಾಕು ಹಾಕಿಕೊಂಡು ಬಂದು ನಿಂತಳು. ಗಿಡ್ಡ ಆಗಿದೆ, ಮೊದಲನೇ ಮಡಿಕೆ ಬಿಚ್ಚಿ ಎಂದಳು. ಟೇಪು ಹಿಡಿದು ಅಳತೆ ತೆಗೆದೆ. ಎರಡು ಬೆರಳು ಬೆಳೆದಿದ್ದಾಳೆ. ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದೇನೆ, ಬಟ್ಟೆ ಕೊಡುವ ದಿನದ ಬಗ್ಗೆ ಸಾವಿರ ಸುಳ್ಳು ಹೇಳಿದ್ದೇನೆ, ಅಳತೆಯಲ್ಲಿ ಒಂದೂ ಹೇಳಿರಲಿಲ್ಲ. ನೀನು ಇನ್ನೂ ಬೆಳೆದೇ ಇಲ್ಲ ಎಂದೆ. ಅವಳು ನಂಬಿದಳು.